ಹಳೆಯ ಆಟಕ್ಕೆ ಹೊಸ ಚಂದಾ

ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕವನ್ನು ಆಡುವ ಕ್ರಮವನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಅಲ್ಲಿ ನಟನಿಗೆ ಸಂಬಳವಿಲ್ಲ. ನಟನೇ ಹಣ ತೆರಬೇಕು. ದುರ್ಯೋಧನನಿಗೆ ಇಷ್ಟು, ಭೀಮನಿಗೆ ಇಷ್ಟು, ಕೃಷ್ಣನಿಗೆ ಇಷ್ಟು ಎಂದು ಪಾತ್ರಪಾತ್ರಕ್ಕೂ ಒಂದು ಮೊತ್ತವು ಗೊತ್ತಾಗುತ್ತದೆ; ದೊಡ್ಡ ಪಾತ್ರಕ್ಕೆ ದೊಡ್ಡ ಚಂದಾ. ಸೀನರಿ, ಹಾರ್ಮೋನಿಯಂ ಮೇಷ್ಟರು, ಸ್ತ್ರೀಪಾತ್ರದ ಕಲಾವಿದೆಯರು, ದೀಪ, ಧ್ವನಿವರ್ಧಕ, ಎಲ್ಲವೂ ಈ ಹಣದಿಂದಲೇ ಒದಗಬೇಕು. ನಮ್ಮ ಭಾವನವರು ಹೀಗೆ ಹಣ ತೆತ್ತು ಭೀಮರಾದವರು. ಅವರ ಮಗನು, ಎಂದರೆ ನಮ್ಮ ಸೋದರಳಿಯನು, ತುಮಕೂರಿನ ಮನೆಯಲ್ಲಿ ಕುಳಿತು ಇಂಗ್ಲೆಂಡಿನವರು ಮಾಡಲಿದ್ದ ಒಂದು ವೀಡಿಯೊ ಆಟಕ್ಕೆ ಚಂದಾ ಕಟ್ಟಿದನು. ಈ ಎರಡು ಚಂದಾಗಳ ವಿಷಯವಾಗಿ ತಂದೆಮಕ್ಕಳಿಗೆ ನಡೆದ ವಾಗ್ವಾದವೇ ಈ ತಿಂಗಳ ನಮ್ಮ ಬರಹಕ್ಕೆ ಕಾರಣವಾಯಿತು.

ಆಟದ ಹೆಸರು ‘ಯೂಕಾ-ಲೇಲೀ’. ಯೂಕಾ ಎಂಬುದು ಗೋಸುಂಬೆ; ಲೇಲೀ ಎಂಬುದು ಅದರ ತಲೆಯನ್ನೇರಿ ಕುಳಿತ ಬಾವಲಿ. ಲೋಕದ ಪುಸ್ತಕಗಳನ್ನೆಲ್ಲ ಕದಿಯಲು ಹೊರಟ ದುರಾಶೆಯ ಜೇನ್ನೊಣದೊಂದು ಇದೆ. ಚದುರಿಹೋದ ಚಿನ್ನದ ಹಾಳೆಗಳನ್ನು ಈ ಜೋಡಿಯು ಹಾರಿ, ಉರುಳಿ, ತೇಲಿ, ಹತ್ತಿ ಇಳಿದು ಒಟ್ಟುಮಾಡಬೇಕು. ಕಟ್ಟೆಯಿಂದ ಕಟ್ಟೆಗೆ ನೆಗೆಯುವುದೇ ಮುಖ್ಯವಾದ ಇಂತಹವನ್ನು ಪ್ಲಾಟ್‌ಫಾರ್ಮ್ ಆಟಗಳೆನ್ನುತ್ತಾರೆ. ಕಥೆ ಮಕ್ಕಳದು; ಹಣ ಕೊಟ್ಟವರು ಮಾತ್ರ ಮಕ್ಕಳಲ್ಲ. 1998ರಲ್ಲಿ ರೇರ್ ಎಂಬ ಇಂಗ್ಲೆಂಡಿನ ಸಂಸ್ಥೆಯು ‘ಬ್ಯಾಂಜೋ-ಕಜೂಯೀ’ ಎಂಬ ಆಟವನ್ನು ಹೊರತಂದಿತ್ತು. ಅದರಲ್ಲಿ ಕರಡಿಯೊಂದು, ಅದರ ಬೆನ್ನಚೀಲದಲ್ಲಿ ಹಕ್ಕಿಯೊಂದು. ಅಮೆರಿಕದಲ್ಲಿದ್ದ ದೊಡ್ಡಪ್ಪನ ಮನೆಯಲ್ಲಿ ಒಂದು ಬೇಸಗೆಯನ್ನು ಕಳೆದಾಗ ನಮ್ಮ ಅಳಿಯನು ಅದನ್ನು ಆಡಿದ್ದನು. ಆ ಬೇಸಗೆಯಲ್ಲಿ ಅವನು ಕಂಡ ನಯಾಗರ ಜಲಪಾತವು ಅವನಿಗೆ ಮರೆತಿದೆ, ಕರಡಿ ಮರೆತಿಲ್ಲ.

ರೇರ್ ಸಂಸ್ಥೆಯನ್ನು ಬಿಟ್ಟುಬಂದ ಕೆಲವರು 2014ರಲ್ಲಿ ಪ್ಲೇಟಾನಿಕ್ ಎಂಬ ಸ್ವಂತ ಸಂಸ್ಥೆಯನ್ನು ಕಟ್ಟಿದರು. ‘ಅಂತಹುದೇ ಇನ್ನೊಂದನ್ನು ಮಾಡುತ್ತೇವೆ, ಹಣ ಕೊಡಿ’ ಎಂದು 2015ರ ಮೇ ತಿಂಗಳಲ್ಲಿ ಕಿಕ್‌ಸ್ಟಾರ್ಟರ್ ಎಂಬ ಚಂದಾಕಟ್ಟೆಯಲ್ಲಿ ಅವರು ಕೈನೀಡಿದರು. ಬೇಡಿದುದು 1,75,000 ಪೌಂಡು. ಅಷ್ಟೂ 38 ನಿಮಿಷಗಳಲ್ಲಿ ಬಂದುಬಿಟ್ಟಿತು. ಅವಧಿ ಮುಗಿಯುವ ಹೊತ್ತಿಗೆ 73,206 ಮಂದಿ ಸೇರಿ 20,90,104 ಪೌಂಡುಗಳನ್ನು ಸುರಿದಿದ್ದರು. ಹಣ ಕೊಟ್ಟವರಿಗೆ ಲಾಭದಲ್ಲಿ ಪಾಲಿಲ್ಲ. ಕಟ್ಟಿದ ಮೊತ್ತಕ್ಕೆ ತಕ್ಕಂತೆ ಆಟದ ಪ್ರತಿಯೋ ಬೇರೊಂದು ನೆನಪಿನ ವಸ್ತುವೋ ದೊರೆಯುತ್ತದೆ, ಅಷ್ಟೇ. ಕನ್ನಡಿಗರಿಗೆ ಈ ಮಾರ್ಗವು ತೀರ ಅಪರಿಚಿತವೇನೂ ಅಲ್ಲ. 2013ರಲ್ಲಿ ತೆರೆಕಂಡ ಪವನ್ ಕುಮಾರರ ‘ಲೂಸಿಯಾ’ ಚಿತ್ರಕ್ಕೆ ನೂರಕ್ಕೂ ಹೆಚ್ಚು ಮಂದಿ ಹೀಗೆಯೇ ಹಣ ಹೂಡಿದ್ದರು. ಆದರೆ ಅವರು ಹಣ ಕೊಟ್ಟುದು ಹೊಸತೊಂದನ್ನು ಕಾಣಬೇಕೆಂದು. ಯೂಕಾ-ಲೇಲೀಗೆ ಕೊಟ್ಟವರು ಕಂಡುದನ್ನೇ ಮತ್ತೊಮ್ಮೆ ಕಾಣಬೇಕೆಂದು.

2017ರ ಏಪ್ರಿಲ್ 11ರಂದು ಆಟವು ಹೊರಬಂದಿತು. ವಿಮರ್ಶಕರು ಎರಡು ಪಕ್ಷವಾದರು. ಬಣ್ಣವನ್ನೂ ತುಂಟ ಮಾತುಗಳನ್ನೂ ಸಂಗೀತವನ್ನೂ ಹೊಗಳದವರು ಕಡಿಮೆ. ಹಳೆಯ ಆಟಕ್ಕೆ ರಾಗ ಹಾಕಿದ್ದ ಗ್ರಾಂಟ್ ಕರ್ಕ್‌ಹೋಪರೇ ಇದಕ್ಕೂ ರಾಗ ಹಾಕಿದವರಲ್ಲೊಬ್ಬರು. ಆದರೆ ನೋಟವನ್ನು ತಿರುಗಿಸುವ ‘ಕ್ಯಾಮೆರಾ’ ಎಂಬುದು ಬೇಕಾದ ಕಡೆಗೆ ತಿರುಗದೆ ಗೋಡೆಗೆ ಮೂತಿಯೊತ್ತುತ್ತದೆ. ನಡುನಡುವೆ ಬರುವ ಕಿರುಆಟಗಳು ಬೇಸರ ತರುತ್ತವೆ. ಪಾತ್ರಗಳು ಮಾತಿಗೆ ಬದಲಾಗಿ ಗುರುಗುಟ್ಟುವುದನ್ನು ಕೇಳಿ ತಲೆನೋವು ಬರುತ್ತದೆ ಎಂದು ಅನೇಕರು ಬರೆದರು. ಹತ್ತಕ್ಕೆ ಏಳು, ಹತ್ತಕ್ಕೆ ಆರು ಎಂದು ಅಂಕಗಳು ಬಿದ್ದುವು; ಒಬ್ಬ ವಿಮರ್ಶಕರಂತೂ ಎರಡೇ ಕೊಟ್ಟರು. ‘ಹಳೆಯ ಆಟದಂತೆಯೇ ಇದೆ, ಆದುದರಿಂದ ಒಳ್ಳೆಯದು’ ಎಂದು ಒಂದು ಪಕ್ಷ. ‘ಹಳೆಯ ಆಟದಂತೆಯೇ ಇದೆ, ಆದುದರಿಂದ ಕೆಟ್ಟದು’ ಎಂದು ಇನ್ನೊಂದು. ಸಾಕ್ಷ್ಯ ಒಂದೇ, ತೀರ್ಪು ಎರಡು.

ನಮ್ಮ ಅಳಿಯನು ಹತ್ತು ದಿನ ಆಡಿ ನಿಲ್ಲಿಸಿದನು. ಭಾವನವರಿಗೆ ಇದೇ ಸಾಕಾಯಿತು. ‘ಕಾಣದ ಜನರಿಗೆ ಹಣ ಕೊಟ್ಟು ಎರಡು ವರ್ಷ ಕಾದೆ. ಮೋಸ ಹೋದೆಯಷ್ಟೆ?’ ಎಂದು ಕೇಳಿದರು. ‘ಮೋಸವಲ್ಲ, ಹೇಳಿದುದನ್ನೇ ಕೊಟ್ಟರು’ ಎಂದು ಅವನೆಂದನು. ‘ಹಾಗಾದರೆ ಏತಕ್ಕೆ ಆಡುವುದಿಲ್ಲ?’ ಎಂಬುದಕ್ಕೆ ಅವನಲ್ಲಿ ಉತ್ತರವಿರಲಿಲ್ಲ. ‘ನೀವು ಒಂದು ರಾತ್ರಿಯ ಗದೆಗಾಗಿ ಕೊಟ್ಟುದರ ಮುಂದೆ ನನ್ನದೆಷ್ಟು?’ ಎಂದು ಅವನು ತಿರುಗಿಬಿದ್ದನು. ಅಂದಿನಿಂದ ಕೆಲವು ವಾರ ಇಬ್ಬರೂ ಹಣದ ವಿಚಾರವಾಗಿ ಮಾತನಾಡಲಿಲ್ಲ. ನಮ್ಮ ಅಕ್ಕನವರು ನಡುವೆ ಸಿಕ್ಕಿ ಬೇಸತ್ತು ನಮಗೆ ಕಾಗದ ಬರೆದರು.

ಅವನ ಪರವಾಗಿ ಉತ್ತರವನ್ನು ಹುಡುಕುವ ಕೆಲಸವು ಹೀಗೆ ನಮ್ಮ ಪಾಲಿಗೆ ಬಂದಿತು. ಎರಡು ಆಟಗಳನ್ನೂ ಅವನ ಪಕ್ಕದಲ್ಲಿ ಕುಳಿತು ನೋಡಿದೆವು. 1998ರ ಆಟದಲ್ಲಿ ಒಂಬತ್ತು ಲೋಕಗಳುಂಟು, ಒಂದೊಂದೂ ಚಿಕ್ಕದು. ನಾಲ್ಕು ಹೆಜ್ಜೆಯಿಟ್ಟರೆ ಒಂದು ಬಾವಿ, ಇನ್ನು ನಾಲ್ಕಿಟ್ಟರೆ ಒಂದು ಮರ, ಮರದಲ್ಲೊಂದು ಗುಟ್ಟು. ಹೊಸ ಆಟದಲ್ಲಿ ಲೋಕಗಳು ಐದೇ. ಆದರೆ ಬಲುದೊಡ್ಡವು, ಅಲ್ಲದೆ ಚಿನ್ನದ ಹಾಳೆಗಳನ್ನು ತೆತ್ತು ಅವನ್ನು ಇನ್ನೂ ದೊಡ್ಡವಾಗಿ ಬೆಳೆಸಬಹುದು. ಅಲ್ಲಿ ಗೋಸುಂಬೆಯು ಏನೂ ಇಲ್ಲದ ಬಯಲಿನಲ್ಲಿ ಬಹಳ ಹೊತ್ತು ಓಡುತ್ತಿತ್ತು. ಹುಟ್ಟಿದ ಮನೆಗೆ ಬಹುಕಾಲದ ಮೇಲೆ ಹೋದವರೆಲ್ಲರೂ ‘ಈ ಅಂಗಳ ಇಷ್ಟು ಚಿಕ್ಕದಾಗಿತ್ತೆ?’ ಎನ್ನುವುದುಂಟಷ್ಟೆ. ಪ್ಲೇಟಾನಿಕ್‌ನವರು ಅಂಗಳವನ್ನು ಇದ್ದ ಅಳತೆಗೆ ಕಟ್ಟಲಿಲ್ಲ. ನೆನಪಿನ ಅಳತೆಗೆ ಕಟ್ಟಿದರು. ಆದುದರಿಂದಲೇ ಅದು ಬರಿದಾಯಿತೆಂದು ನಮ್ಮ ಎಣಿಕೆ. ಹಳತಾಗಿರುವುದು ಅದರ ದೋಷವೆಂದ ವಿಮರ್ಶಕರನ್ನು ನಾವು ಪೂರ್ತಿ ಒಪ್ಪಲಾರೆವು. ಕ್ಯಾಮೆರಾದ ಮಟ್ಟಿಗೆ ಅವರ ಮಾತು ನಿಜ. 1998ರಲ್ಲಿ ಮೂರು ಆಯಾಮದ ನೋಟವೇ ಹೊಸತಾಗಿದ್ದುದರಿಂದ ಜನರು ಸಹಿಸಿದ್ದರು, ಈಗ ಸಹಿಸಬೇಕಾಗಿಲ್ಲ. ಆದರೆ ಆಟವು ಹಳೆಯದಕ್ಕೆ ಹೆಚ್ಚಾಗಿ ಸೋತುದು ಅದನ್ನು ಹೋಲದೆಹೋದ ಕಡೆಯಲ್ಲಿ.

ಇದೇ ಬಗೆಯ ಬೇರೆ ಎರಡು ಆಟಗಳನ್ನು ಹೋಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಜಪಾನಿನ ‘ಮೈಟಿ ನಂಬರ್ 9’ಕ್ಕೆ 2013ರಲ್ಲಿ 38 ಲಕ್ಷ ಡಾಲರುಗಳಷ್ಟು ಚಂದಾ ಕೂಡಿತು. ಅದು ಮತ್ತೆ ಮತ್ತೆ ತಡವಾಗಿ 2016ರಲ್ಲಿ ಬಂದು ಎಲ್ಲರಿಂದಲೂ ಬೈಸಿಕೊಂಡಿತು. ಅದರ ಮಾತು ಅಷ್ಟು ಸಾಕು. ಅಮೆರಿಕದ ‘ಶೋವೆಲ್ ನೈಟ್’ ಎಂಬುದಕ್ಕೆ ಅದೇ 2013ರಲ್ಲಿ ದೊರೆತುದು ಸುಮಾರು 3,11,000 ಡಾಲರು ಮಾತ್ರ. 2014ರಲ್ಲಿ ಹೊರಬಂದು ಸರ್ವತ್ರ ಮನ್ನಣೆ ಪಡೆಯಿತು. ಸಲಿಕೆ ಹಿಡಿದ ಈ ವೀರನ ಆಟವು ನೋಡಲು 1980ರ ದಶಕದ ಆಟದಂತೆಯೇ ಇದೆ. ಆದರೆ ಹಳೆಯ ಆಟಗಳಲ್ಲಿ ಮೂರು ಸಲ ಸತ್ತರೆ ಮೊದಲಿನಿಂದ ಆಡಬೇಕಾಗಿದ್ದ ಶಿಕ್ಷೆಯನ್ನು ಅದರ ಕರ್ತೃಗಳು ತೆಗೆದುಹಾಕಿದರು. ಸತ್ತವನು ಕೆಲವು ಕಾಸುಗಳನ್ನು ಕಳೆದುಕೊಳ್ಳುತ್ತಾನೆ, ಸತ್ತೆಡೆಗೆ ಮರಳಿ ಹೋಗಿ ಅವನ್ನು ಹಿಡಿಯಲೂಬಹುದು. ಅಂಗಳವನ್ನು ಅವರು ಚಿಕ್ಕದಾಗಿಯೇ ಬಿಟ್ಟರು. ಮುಳ್ಳನ್ನು ಮಾತ್ರ ಗುಡಿಸಿದರು.

ಈ ಮಾತನ್ನು ನಾವು ಭಾವನವರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಗುಬ್ಬಿ ಕಂಪೆನಿಯ ಮಾತನ್ನೆತ್ತಿದರು. 1884ರಲ್ಲಿ ಹುಟ್ಟಿದ ಆ ನಾಟಕಮಂಡಲಿಯು ಗುಬ್ಬಿ ವೀರಣ್ಣನವರ ಕಾಲದಲ್ಲಿ, 1934ರಲ್ಲಿ, ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದು ‘ಕುರುಕ್ಷೇತ್ರ’ವನ್ನು ಆಡಿದುದು ಪ್ರಸಿದ್ಧವಾಗಿದೆ. ಭಾವನವರು ಅದನ್ನು ನೋಡಿದವರಲ್ಲ. ಅವರ ತಾತನವರು ಹೇಳಿದುದನ್ನು ಕೇಳಿದವರು. ‘ನಮ್ಮೂರಿನ ನಾಟಕದಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೆ ಗದಾಯುದ್ಧ. ಆ ಹೊತ್ತಿಗೆ ಮುಂದೆ ಕುಳಿತಿರುವವರು ಇಪ್ಪತ್ತೇ ಜನ, ಅವರಲ್ಲಿ ಹತ್ತು ಮಂದಿ ನಿದ್ದೆಯಲ್ಲಿ. ನಾನು ಗದೆ ಎತ್ತುವುದು ತಾತ ಕಂಡ ಆನೆಗಳ ಮುಂದೆ’ ಎಂದರು. ಭೀಮನಾಗಿ ಅವರು ಅಬ್ಬರಿಸಿದುದನ್ನು ಹಲವು ಬಾರಿ ಕೇಳಿದ್ದೇವೆ. ಇಷ್ಟು ಮೆಲ್ಲನೆ ಮಾತನಾಡಿದುದನ್ನು ಕೇಳಿರಲಿಲ್ಲ. ಕುಣಿಗಲ್ ಕೆರೆಯನ್ನು ಹಾಡಿನಲ್ಲಿ ಮಾತ್ರ ಬಲ್ಲವರು ಬಂದು ಏರಿಯ ಮೇಲೆ ನಿಂತು, ಒಬ್ಬರು ಮೈಮರೆತು, ಒಬ್ಬರು ‘ಇಷ್ಟೇಯೆ?’ ಎಂದು ಹೋಗುವುದೂ ನಮಗೆ ಆಗ ನೆನಪಾಯಿತು.

ಪ್ಲೇಟಾನಿಕ್‌ನವರು ಬೈಗುಳನ್ನು ಕಿವಿಗೆ ಹಾಕಿಕೊಂಡರೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಅದೇ 2017ರಲ್ಲಿ ಕ್ಯಾಮೆರಾವನ್ನು ತಿದ್ದಿ, ಗುರುಗುಟ್ಟುವಿಕೆಯನ್ನು ಕಡಿಮೆಮಾಡಿಕೊಳ್ಳುವ ಅನುಕೂಲವನ್ನು ಕೊಟ್ಟರು. 2019ರಲ್ಲಿ ಅದೇ ಜೋಡಿಯನ್ನಿಟ್ಟುಕೊಂಡು ಪಕ್ಕದಿಂದ ಪಕ್ಕಕ್ಕೆ ಓಡುವ ಬೇರೊಂದು ಆಟವನ್ನು ತಂದರು. ಅದು ಹೆಚ್ಚು ಮೆಚ್ಚುಗೆಯನ್ನು ಪಡೆಯಿತು. 2025ರ ಅಕ್ಟೋಬರಿನಲ್ಲಿ ಮೊದಲ ಆಟವನ್ನೇ ‘ಯೂಕಾ-ರೀಪ್ಲೇಲೀ’ ಎಂಬ ಹೆಸರಿನಿಂದ ಮತ್ತೆ ಹೊಸದಾಗಿ ಕಟ್ಟಿಕೊಟ್ಟರು. ತನ್ನ ನಾಟಕವನ್ನು ಎಂಟು ವರ್ಷದ ಮೇಲೆ ತಾನೇ ತಿದ್ದಿ ಆಡುವ ಕಂಪೆನಿಗಳು ಎಲ್ಲಿಯೂ ಹೆಚ್ಚಿಲ್ಲ.

ಅಳಿಯನು ಅದನ್ನು ಕೊಂಡನೋ ಇಲ್ಲವೋ ನಾವು ಕೇಳಲಿಲ್ಲ. ಮೊನ್ನೆ ಭಾವನವರ ಊರಿನಲ್ಲಿ ಮುಂದಿನ ‘ಕುರುಕ್ಷೇತ್ರ’ಕ್ಕಾಗಿ ಸಭೆ ಸೇರಿತ್ತು. ಪದ್ಯಗಳನ್ನು ಕಡಿಮೆಮಾಡಿ ನಡುರಾತ್ರಿಗೆ ಮುಗಿಸಬೇಕೆಂದು ಹುಡುಗರು, ಒಂದು ಪದ್ಯವನ್ನೂ ಬಿಡಕೂಡದೆಂದು ಹಿರಿಯರು. ಹಾರ್ಮೋನಿಯಂ ಮೇಷ್ಟರು ಎರಡು ಕಡೆಯವರಿಗೂ ತಲೆದೂಗಿದರಂತೆ. ಚಂದಾ ಪಟ್ಟಿಯಲ್ಲಿ ನಮ್ಮ ಅಳಿಯನ ಹೆಸರೂ ಇದೆಯೆಂದು ಅಕ್ಕನವರು ಬರೆದಿದ್ದಾರೆ. ಯಾವ ಪಾತ್ರಕ್ಕೆಂಬುದನ್ನು ಅವನು ಇನ್ನೂ ತಿಳಿಸಿಲ್ಲವಂತೆ.