ಮುಳುಗಿದ ಚರ್ಚು ಕಾಣುತ್ತೆ, ಮುಳುಗಿದ ಕೇಸು ಕಾಣೋಲ್ಲ!

ಮಳೆಗಾಲದಲ್ಲಿ ಶೆಟ್ಟಿಹಳ್ಳಿ ಕಡೆ ಹೋದವರಿಗೆ ಗೊತ್ತು. ಗೊರೂರು ಅಣೆಕಟ್ಟೆಯ ಹಿನ್ನೀರು ಏರಿತು ಅಂದರೆ, 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು ಕತ್ತುಮಟ್ಟ ನೀರಲ್ಲಿ ನಿಲ್ಲುತ್ತೆ. ಬೇಸಿಗೆ ಬಂತೋ, ಹೇಮಾವತಿ ಹಿಂದೆ ಸರಿದು ಬುಡ ಸಮೇತ ಕಾಣುತ್ತೆ. ಬೆಂಗಳೂರಿನ ಜನ ಕಾರಲ್ಲಿ ಬಂದು ಫೋಟೋ ಹೊಡೆದುಕೊಂಡು ಹೋಗ್ತಾರೆ. ಆದರೆ ಅದೇ ಸೀಮೆಯ ಬಡ ರೈತನ ಮಗನ ಮೇಲೆ ಒಂದು ಪೊಲೀಸ್ ಕೇಸು ಬಿತ್ತು ಅನ್ನಿ, ಆ ಕಡತ ಒಮ್ಮೆ ಮುಳುಗಿದರೆ ಯಾವ ಬೇಸಿಗೆಗೂ ಮೇಲೇಳೋಲ್ಲ.

ಒಬ್ಬ ರೈತನನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಿ. ಬದುವಿನ ಜಗಳ. ಕುಡುಗೋಲು ಎದ್ದಿತು, ಒಬ್ಬನಿಗೆ ಏಟಾಯಿತು. ರಾತ್ರಿ ಜೀಪು ಬಂತು, ಮಗನನ್ನು ಕರಕೊಂಡು ಹೋಯಿತು. ಬೆಳಿಗ್ಗೆ ಅಪ್ಪ ಮೊದಲ ಬಸ್ಸು ಹಿಡಿದು ಠಾಣೆಗೆ ಹೋದ. "ಸಾಹೇಬ್ರು ರೌಂಡ್ಸ್‌ಗೆ ಹೋಗವ್ರೆ, ಆಮೇಲ್ ಬಾ" ಅಂದರು. ಮಧ್ಯಾಹ್ನ ಹೋದ. "ನಿನ್ ಮಗನ್ನ ಕೋರ್ಟಿಗೆ ಕಳ್ಸಾಯ್ತು, ಅಲ್ಲೇ ವಿಚಾರಿಸ್ಕೊ" ಅಂದರು. ಕೋರ್ಟಿಗೆ ಹೋದ. "ನಂಬರ್ ಎಷ್ಟು?" ಅಂದರು. ನಂಬರು ಕೊಟ್ಟವರು ಯಾರು? ಕಡೆಗೆ ಕೋರ್ಟಿನ ಹೊರಗೆ ಟೀ ಅಂಗಡಿ ಬೆಂಚಿನ ಮೇಲೆ ಕೂತ ಒಬ್ಬ ಮಹಾನುಭಾವ, "ಐನೂರು ಕೊಡು ಗೌಡ, ಎಲ್ಲಾ ತೆಗೆಸಿಕೊಡ್ತೀನಿ" ಅಂದ. ಅದೇ ಆ ದಿನ ಅವನಿಗೆ ಸಿಕ್ಕ ಏಕೈಕ ಉತ್ತರ!

ಮೂರು ನಂಬರಿನ ಆಟ

ಈ ಗೋಜಲಿನ ಬೇರು ಎಲ್ಲಿದೆ ಅಂತ ಬಸ್ಸಿನಲ್ಲಿ ಓಡಾಡುವ ಜನಕ್ಕೆ ಯಾರೂ ಬಿಡಿಸಿ ಹೇಳಿಲ್ಲ. ಒಂದೇ ಕೇಸಿಗೆ ಒಂದೊಂದು ಕಡೆ ಒಂದೊಂದು ಹೆಸರು. ಠಾಣೆಯಲ್ಲಿ ಎಫ್‌ಐಆರ್ ಆದಾಗ ಅದಕ್ಕೆ ಕ್ರೈಂ ನಂಬರು. ತನಿಖೆ ಮುಗಿದು ಮ್ಯಾಜಿಸ್ಟ್ರೇಟರ ಮುಂದೆ ಚಾರ್ಜ್‌ಶೀಟ್ ಬಿದ್ದ ಮೇಲೆ ಸಿ.ಸಿ. ನಂಬರು. ಕೊಲೆ, ಕೊಲೆ ಯತ್ನ, ಡಕಾಯಿತಿಯಂಥ ಭಾರೀ ಕೇಸಾದರೆ ಅದು ತಾಲ್ಲೂಕಿನ ಕೋರ್ಟಿನಿಂದ ಸೆಷನ್ಸ್ ಕೋರ್ಟಿಗೆ ಹೋಗುತ್ತೆ. ಅಲ್ಲಿ ಮತ್ತೆ ಎಸ್.ಸಿ. ನಂಬರು. ಇದರ ಮೇಲೆ ಕಂಪ್ಯೂಟರಿನವರು ಕೊಟ್ಟ ಹದಿನಾರು ಅಕ್ಷರದ ಸಿಎನ್ಆರ್ ನಂಬರು ಬೇರೆ.

ಅಪ್ಪನ ಜೇಬಿನ ಚೀಟಿಯಲ್ಲಿರೋದು ಕ್ರೈಂ ನಂಬರು, ಗುಮಾಸ್ತರು ಕೇಳೋದು ಸಿ.ಸಿ. ನಂಬರು. ಕೇಸು ಆ ಹೊತ್ತಿಗೆ ಎಸ್.ಸಿ. ಆಗಿ ಹಾಸನಕ್ಕೆ ಹೋಗಿರುತ್ತೆ. ಕಡತ ಎಲ್ಲೂ ಕಳೆದಿಲ್ಲ, ಕಳೆದುಹೋಗಿರೋನು ಅಪ್ಪ.

ದೇವರು ಕೊಟ್ಟರೂ ಪೂಜಾರಿ ಕೊಡ

ಹಾಗಂತ ಕಾನೂನು ಬಾಯಿ ಮುಚ್ಚಿಕೊಂಡು ಕೂತಿದೆಯೇ? ಇಲ್ಲ ಸ್ವಾಮಿ. ಕಾನೂನು ಕೊಟ್ಟಿದೆ, ಕೈತುಂಬ ಕೊಟ್ಟಿದೆ.

1996ರ ಡಿಸೆಂಬರ್ 18ರಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು: ಬಂಧಿಸುವಾಗ ಮೆಮೊ ಬರೀಬೇಕು, ಅದಕ್ಕೆ ಸಾಕ್ಷಿಯ ಸಹಿ ಇರಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ಹನ್ನೆರಡು ಗಂಟೆಯೊಳಗೆ ಕಂಟ್ರೋಲ್ ರೂಮಿಗೆ ತಿಳಿಸಿ ಅಲ್ಲಿನ ಬೋರ್ಡಿನಲ್ಲಿ ಹಾಕಬೇಕು. 2010ರಲ್ಲಿ ಜಾರಿಗೆ ಬಂದ ತಿದ್ದುಪಡಿ ಆ ಬೋರ್ಡಿನ ಮಾತನ್ನು ಕಾಯ್ದೆಯೊಳಗೇ ಸೇರಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಜಿಲ್ಲಾ ಕೇಂದ್ರದಲ್ಲಷ್ಟೇ ಅಲ್ಲ, ಪ್ರತಿಯೊಂದು ಠಾಣೆಯಲ್ಲೂ ಬಂಧಿತರ ಹೆಸರು, ವಿಳಾಸ, ಆರೋಪ ಏನು ಅನ್ನೋದನ್ನು ಎದ್ದು ಕಾಣುವಂತೆ ಹಾಕಬೇಕು. ಅದಕ್ಕೆ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಅಧಿಕಾರಿಯನ್ನು ನೇಮಿಸಬೇಕು.

ದೂರು ಕೊಟ್ಟವನಿಗೆ ಎಫ್‌ಐಆರ್ ನಕಲು ಪುಕ್ಕಟೆ. ಹೊಸ ಸಂಹಿತೆ ಬಂದ ಮೇಲೆ ನೊಂದವನಿಗೂ ಪುಕ್ಕಟೆ. ತನಿಖೆ ಎಲ್ಲಿಗೆ ಬಂತು ಅಂತ ತೊಂಬತ್ತು ದಿನದೊಳಗೆ ಅವರಿಗೆ ತಿಳಿಸೋದು ಪೊಲೀಸರ ಕರ್ತವ್ಯ. ಜೈಲು ಶಿಕ್ಷೆಯಾದವನಿಗೆ ತೀರ್ಪಿನ ಪ್ರತಿ ಬಿಟ್ಟಿ. ಉಳಿದ ಕೋರ್ಟು ಕಾಗದಕ್ಕೆ ನಕಲು ಶಾಖೆಯಲ್ಲಿ ಅರ್ಜಿ ಹಾಕಿ, ಫೀಸು ಕಟ್ಟಿ ದೃಢೀಕೃತ ನಕಲು ತಗೋಬಹುದು. ಕೇಸಿಗೆ ಸಂಬಂಧ ಇಲ್ಲದವರು ಮಾತ್ರ ಕಾರಣ ತೋರಿಸಿ ನ್ಯಾಯಾಧೀಶರ ಅಪ್ಪಣೆ ಪಡೀಬೇಕು.

ಇಷ್ಟೆಲ್ಲ ಇದ್ದೂ, ಹಳ್ಳಿಯವನು ಠಾಣೆಯ ಮೆಟ್ಟಿಲ ಮೇಲೆ ನಿಂತು "ಸ್ವಲ್ಪ ನೋಡ್ಹೇಳಿ ಸಾಮಿ" ಅಂತ ಅಂಗಲಾಚೋದು ಯಾಕೆ? ಹಕ್ಕಾಗಿ ಸಿಗಬೇಕಾದ್ದನ್ನು ದಾಕ್ಷಿಣ್ಯವಾಗಿ ಕೊಟ್ಟರೆ, ಕೊಟ್ಟವನಿಗೆ ಅದರ ಮೇಲೆ ಒಂದು ರೇಟು ಕಟ್ಟುವ ಅವಕಾಶ ಇರುತ್ತಲ್ಲ, ಅದಕ್ಕೆ!

"ಇಂಟರ್ನೆಟ್ನಾಗೆ ಐತೆ, ನೋಡ್ಕೊ"

ಈಗಿನ ಕಾಲದ ಸಿದ್ಧ ಉತ್ತರ ಇದು. ಸುಳ್ಳೂ ಅಲ್ಲ. 2016ರ ಸೆಪ್ಟೆಂಬರ್ 7ರಂದು ಸುಪ್ರೀಂ ಕೋರ್ಟು, ಎಫ್‌ಐಆರ್ ಆದ 24 ಗಂಟೆಯೊಳಗೆ ಅದನ್ನು ಜಾಲತಾಣಕ್ಕೆ ಹಾಕಬೇಕು ಅಂತ ಅಪ್ಪಣೆ ಮಾಡಿತು. ಸಂಪರ್ಕ ಸರಿಯಿಲ್ಲದ ಕಡೆ 72 ಗಂಟೆವರೆಗೆ ವಿನಾಯಿತಿ. ಕೋರ್ಟಿನ ಕೇಸುಗಳು ಇ-ಕೋರ್ಟ್ಸ್ ತಾಣದಲ್ಲಿ ಬಿಟ್ಟಿಯಾಗಿ ಸಿಗುತ್ವೆ. ಮುಂದಿನ ವಾಯಿದೆ ಯಾವತ್ತು, ಯಾವ ಕೋರ್ಟು ಅನ್ನೋದೆಲ್ಲ ಅಲ್ಲೇ ಇರುತ್ತೆ.

ಆದರೆ ಹುಡುಕೋದು ಹೇಗೆ? ಹೆಸರು ಹಾಕಿ ಹುಡುಕಿದರೆ ಇಂಗ್ಲಿಷ್ ಅಕ್ಷರದ ಕಾಟ. ಶೆಟ್ಟಿಹಳ್ಳಿಗೆ ಒಬ್ಬ ಗುಮಾಸ್ತ ಒಂದು ಟಿ ಹಾಕಿರುತ್ತಾನೆ, ಇನ್ನೊಬ್ಬ ಎರಡು. ಮಂಜೇಗೌಡ ಅಂತ ಹೊಡೆದರೆ ಸಾಲುಸಾಲು ಮಂಜೇಗೌಡರು ಎದ್ದು ಬರ್ತಾರೆ. ಶೆಟ್ಟಿಹಳ್ಳಿ ಅನ್ನೋ ಊರೂ ರಾಜ್ಯದಲ್ಲಿ ಒಂದೇ ಅಲ್ಲ. ಯಾವನದೋ ಕೇಸು ಯಾವನದೋ ತಲೆಗೆ ಕಟ್ಟಿ, ಆಗಬೇಕಾದ ಮದುವೆ ಮುರಿಯೋದಕ್ಕೆ ಇಷ್ಟು ಸಾಕು.

ಇದಕ್ಕೊಂದು ಸರಳ ದಾರಿ ಇದೆ, ಓದುಗರು ಬರೆದಿಟ್ಟುಕೊಳ್ಳಲಿ. ಠಾಣೆಯ ಹೆಸರು, ಕ್ರೈಂ ನಂಬರು, ವರ್ಷ ಈ ಮೂರು ಗೊತ್ತಿದ್ದರೆ ಇ-ಕೋರ್ಟ್ಸ್ ತಾಣದಲ್ಲಿ ಎಫ್‌ಐಆರ್ ನಂಬರಿನ ಮೇಲೇ ಕೇಸು ಹುಡುಕಬಹುದು. ಹೆಸರಿನ ಗೊಂದಲವೇ ಬೇಡ. ಆದ್ದರಿಂದ ಠಾಣೆಯಿಂದ ಹೊರಗೆ ಕಾಲಿಡುವ ಮುಂಚೆ ಆ ನಂಬರು ಕೈಗೆ ಬರಲೇಬೇಕು.

ಮುಚ್ಚಬೇಕಾದ್ದು ಬೀದಿಗೆ

ಎಲ್ಲವನ್ನೂ ಬಿಚ್ಚಿಡಿ ಅಂತ ಯಾರೂ ಹೇಳ್ತಿಲ್ಲ. ಲೈಂಗಿಕ ದೌರ್ಜನ್ಯ, ಮಕ್ಕಳ ಮೇಲಿನ ಅಪರಾಧ, ಭಯೋತ್ಪಾದನೆಯಂಥ ಕೇಸಿನ ಎಫ್‌ಐಆರ್ ಜಾಲತಾಣಕ್ಕೆ ಹಾಕುವಂತಿಲ್ಲ ಅಂತ ಅದೇ 2016ರ ತೀರ್ಪು ಹೇಳಿದೆ. ನೊಂದ ಹೆಣ್ಣಿನ ಗುರುತು ಹೊರಹಾಕೋದು ಅಪರಾಧ.

ಈ ಮಾತಿನ ಬೆಲೆ ಹಾಸನ ಜಿಲ್ಲೆಗೆ ಗೊತ್ತಿದ್ದಷ್ಟು ಬೇರೆಯವರಿಗೆ ಗೊತ್ತಿಲ್ಲ. 2024ರ ಏಪ್ರಿಲ್ 26ರ ಮತದಾನಕ್ಕೆ ಮುಂಚೆ ಪೆನ್ ಡ್ರೈವ್‌ಗಳು ಊರೂರು ಹರಿದಾಡಿದವು. ಆ ಹೆಣ್ಣುಮಕ್ಕಳ ಮಾನ ಕಂಡವರ ಕೈಯ ಮೊಬೈಲಿಗೆ ಬಿತ್ತು. ಏಪ್ರಿಲ್ 28ಕ್ಕೆ ಹೊಳೆನರಸೀಪುರ ಟೌನ್ ಠಾಣೆಯಲ್ಲಿ ಮೊದಲ ಕೇಸು ದಾಖಲಾಯಿತು. ಮುಂದೆ ಇನ್ನೊಂದು ಕೇಸಿನಲ್ಲಿ, 2025ರ ಆಗಸ್ಟ್ 2ರಂದು, ಬೆಂಗಳೂರಿನ ವಿಶೇಷ ನ್ಯಾಯಾಲಯ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆ ಕೇಸುಗಳ ತಾರೀಖು, ವಾಯಿದೆ, ವಕೀಲರ ಹೆಸರು ಬಸ್ಸಿನ ಕಂಡಕ್ಟರಿಗೂ ಬಾಯಿಪಾಠ ಆಗಿತ್ತು.

ನೋಡಿ ವಿಪರ್ಯಾಸ. ಮುಚ್ಚಿಡಬೇಕಾದ್ದು ಬಸ್ ಸ್ಟ್ಯಾಂಡಿಗೆ ಬಂತು. ಬಸ್ ಸ್ಟ್ಯಾಂಡಿನ ಜನಕ್ಕೆ ಸಿಗಬೇಕಾದ ಬದುವಿನ ಜಗಳದ ನಂಬರು ಬೀರುವಿನಲ್ಲೇ ಉಳಿಯಿತು! ದೊಡ್ಡವರ ಕೇಸು ಟಿವಿ ಹುಡುಕಿಕೊಡುತ್ತೆ. ಸಣ್ಣವರದು?

ಅಂಗಡಿಯವರಿಗೇನು ಸಂಬಂಧ?

ಇದೆ. ಹೊಸ ಹುಡುಗನನ್ನು ಗಲ್ಲಾದ ಹತ್ತಿರ ಕೂರಿಸುವ ಮುಂಚೆ, ಮಳಿಗೆ ಬಾಡಿಗೆಗೆ ಕೊಡುವ ಮುಂಚೆ, ಯಾರಿಗೋ ಜಾಮೀನು ನಿಲ್ಲುವ ಮುಂಚೆ "ಇವನ ಮೇಲೆ ಏನಾದ್ರೂ ಇದೆಯಾ" ಅಂತ ಎಲ್ಲರೂ ಕೇಳ್ತಾರೆ. ಯಾರನ್ನ ಕೇಳ್ತಾರೆ? ಪಕ್ಕದ ಅಂಗಡಿಯವನನ್ನ. ದಾಖಲೆ ಸಿಗದ ಕಡೆ ಗಾಳಿಸುದ್ದಿಯೇ ದಾಖಲೆ.

ಆದರೆ ಒಂದು ಎಚ್ಚರ. ಬಂಧನ ಅಂದರೆ ಅಪರಾಧ ಅಲ್ಲ. ಎಫ್‌ಐಆರ್ ಅಂದರೆ ಒಬ್ಬ ಹೇಳಿದ್ದು, ಇನ್ನೊಬ್ಬ ಬರೆದುಕೊಂಡದ್ದು, ಅಷ್ಟೇ. ಕೊನೆಯ ಮಾತು ತೀರ್ಪಿನದು. ಇದರಲ್ಲಿ ಪತ್ರಿಕೆಗಳ ಪಾಲೂ ಇದೆ. ಹಿಡಿದ ದಿನ ಮುಖಪುಟದಲ್ಲಿ ದಪ್ಪಕ್ಷರ, ಪೊಲೀಸರ ನಡುವೆ ತಲೆ ತಗ್ಗಿಸಿದ ಫೋಟೋ. ನಾಲ್ಕು ವರ್ಷ ಕೋರ್ಟಿಗೆ ಅಲೆದು ಖುಲಾಸೆಯಾದ ದಿನ ಒಂದು ಸಾಲಿಗೂ ಜಾಗ ಇರೋಲ್ಲ. ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಅನ್ನೋ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಗೆದ್ದವನ ಕೈಯಲ್ಲಿ ತೀರ್ಪಿನ ನಕಲಾದರೂ ಇದ್ದರೆ, ಊರಿನ ಬಾಯಿಗೆ ಅಷ್ಟಾದರೂ ಬೀಗ ಹಾಕಬಹುದು.

ಆಗಬೇಕಾದ್ದು ಇಷ್ಟೆ

ಕೋಟಿ ರೂಪಾಯಿ ಯೋಜನೆ ಬೇಡ, ಶಂಕುಸ್ಥಾಪನೆ ಬೇಡ. ಒಂದನೆಯದು, ಕಾನೂನು ಹೇಳಿದ ಬೋರ್ಡು ಪ್ರತಿ ಠಾಣೆಯ ಮುಂದೆ, ಕನ್ನಡದಲ್ಲಿ, ಆಯಾ ದಿನದ್ದು ಆಯಾ ದಿನ. ಎರಡನೆಯದು, ಯಾರನ್ನೇ ಹಿಡಿದರೂ ಅವರ ಮನೆಯವರ ಕೈಗೆ ಒಂದು ಚೀಟಿ: ಕ್ರೈಂ ನಂಬರು, ಠಾಣೆ, ಯಾವ ಕೋರ್ಟು. ಮೂರನೆಯದು, ಕೋರ್ಟು ಆವರಣಗಳಿಗೆಂದು ಮಾಡಿರುವ ಇ-ಸೇವಾ ಕೇಂದ್ರಗಳು ಹಳ್ಳಿಯಿಂದ ಬಂದವನನ್ನು ಮೊದಲು ಕೂರಿಸಿ, ಮೂರು ನಂಬರನ್ನೂ ಒಂದೇ ಹಾಳೆಯಲ್ಲಿ ಬರೆದುಕೊಡಬೇಕು. ಟೀ ಅಂಗಡಿ ಬೆಂಚಿನ ಮಹಾನುಭಾವ ತಾನಾಗಿ ಎದ್ದು ಹೋಗ್ತಾನೆ.

ಅಲ್ಲಿಯತನಕ ಜನ ಏನು ಮಾಡಬೇಕು? ಠಾಣೆಯಲ್ಲಿ ಬಾಯಿಮಾತಿಗೆ ಕಿವಿಗೊಡದಿದ್ದರೆ ಬರಹದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಕೇಳಿ. ಹತ್ತು ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿಗೆ ಮೂವತ್ತು ದಿನದ ಗಡುವಿದೆ. ಮನುಷ್ಯನ ಜೀವ, ಸ್ವಾತಂತ್ರ್ಯದ ವಿಚಾರವಾದರೆ ನಲವತ್ತೆಂಟೇ ಗಂಟೆ. ಬಂಧನದಲ್ಲಿರುವವರಿಗೆ, ಹೆಂಗಸರಿಗೆ, ಪರಿಶಿಷ್ಟರಿಗೆ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಬಿಟ್ಟಿ. 15100ಕ್ಕೆ ಫೋನು ಮಾಡಿ ಕೇಳಬಹುದು.

ಇನ್ನೊಂದು ಕೆಲಸ ಪುಕ್ಕಟೆಯದು. ನಾಳೆ ಬಸ್ಸಿಳಿದು ಅಂಗಡಿ ಬಾಗಿಲು ತೆಗೆಯುವ ಮುಂಚೆ, ದಾರಿಯಲ್ಲಿ ಸಿಗುವ ಪೊಲೀಸ್ ಠಾಣೆಯ ಗೋಡೆ ಕಡೆ ಒಮ್ಮೆ ಕಣ್ಣು ಹಾಯಿಸಿ. ಬೋರ್ಡು ಇದ್ದರೆ ಸಂತೋಷ, ತಾರೀಖು ನೋಡಿ. ಇಲ್ಲದಿದ್ದರೆ ಒಳಗೆ ಹೋಗಿ, ಮರ್ಯಾದೆಯಿಂದ, "37ನೇ ಕಲಮಿನ ಬೋರ್ಡು ಎಲ್ಲಿ ಸಾರ್?" ಅಂತ ಕೇಳಿ. ಒಬ್ಬ ಕೇಳಿದರೆ ತಲೆಹರಟೆ ಅಂತಾರೆ. ಹತ್ತು ಜನ ಕೇಳಿದರೆ ಮೊಳೆ, ಸುತ್ತಿಗೆ ತರಿಸ್ತಾರೆ.