ಗೆಲ್ಲುವವರೋ, ಸಲ್ಲುವವರೋ?

2014ರ ಮಾರ್ಚ್ ತಿಂಗಳಿನಲ್ಲಿ ಮಂಗಳೂರು ನಗರದಲ್ಲಿ ಒಂದು ಅಪರೂಪದ ಮತದಾನ ನಡೆಯಿತು. ಅಲ್ಲಿ ಮತ ಹಾಕಿದವರು ಜನಸಾಮಾನ್ಯರಲ್ಲ; ಕಾಂಗ್ರೆಸ್ ಪಕ್ಷದ ಪದಾಧಿಕಾರಿಗಳು, ಪ್ರತಿನಿಧಿಗಳು. ಅವರು ಆರಿಸಬೇಕಾಗಿದ್ದುದು ಸಂಸದರನ್ನೂ ಅಲ್ಲ. ದಕ್ಷಿಣ ಕನ್ನಡ ಲೋಕಸಭಾ ಕ್ಷೇತ್ರದಲ್ಲಿ ತಮ್ಮ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂಬುದನ್ನು. ರಾಹುಲ್ ಗಾಂಧಿಯವರ ಆಸಕ್ತಿಯಿಂದ ದೇಶದ ಹದಿನೈದರಷ್ಟು ಕ್ಷೇತ್ರಗಳಲ್ಲಿ ಈ ಪ್ರಯೋಗ ನಡೆಯಿತು. ಕರ್ನಾಟಕದ ಪಾಲಿಗೆ ಬಂದವು ಎರಡು: ದಕ್ಷಿಣ ಕನ್ನಡ ಮತ್ತು ಬೆಂಗಳೂರು ಉತ್ತರ. ಪತ್ರಿಕೆಗಳು ಇದನ್ನು ‘ಪ್ರೈಮರಿ’ ಎಂದು ಕರೆದವು. ನಾವು ಒಳಚುನಾವಣೆ ಎನ್ನೋಣ.

ಮಂಗಳೂರಿನ ಒಳಚುನಾವಣೆಯಲ್ಲಿ ಗೆದ್ದವರು ಹಿರಿಯರಾದ ಬಿ. ಜನಾರ್ದನ ಪೂಜಾರಿಯವರು, ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿಯವರು. ಏಪ್ರಿಲ್ 17ರಂದು ಜನ ಮತ ಹಾಕಿದರು. ಮೇ 16ರಂದು ಎಣಿಕೆ ಮುಗಿದಾಗ ಇಬ್ಬರೂ ಸೋತಿದ್ದರು. ದಕ್ಷಿಣ ಕನ್ನಡದಲ್ಲಿ ನಳಿನ್ ಕುಮಾರ್ ಕಟೀಲ್ 1.43 ಲಕ್ಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಬೆಂಗಳೂರು ಉತ್ತರದಲ್ಲಿ ಗೆದ್ದವರು ನಮ್ಮ ಸುಳ್ಯದ ಕಡೆಯ ಡಿ.ವಿ. ಸದಾನಂದ ಗೌಡರು. ಪ್ರಯೋಗ ಅಲ್ಲಿಗೇ ನಿಂತಿತು. ಮುಂದಿನ ಚುನಾವಣೆಗಳಲ್ಲಿ ಟಿಕೆಟ್ ಎಂದಿನಂತೆ ದೆಹಲಿಯಿಂದಲೇ ಬಂತು.

ಮುಗಿದುಹೋದ ಈ ಕತೆಯನ್ನು ಇಂದು ನೆನೆಯುವುದೇಕೆ? ಒಂದು ಪಕ್ಷದ ಲಾಭ ನಷ್ಟದ ಲೆಕ್ಕ ನಮಗೆ ಬೇಕಾಗಿಲ್ಲ. ಆದರೆ ಅಂದು ಮತಪತ್ರ ಹಿಡಿದು ನಿಂತ ಪ್ರತಿಯೊಬ್ಬರನ್ನೂ ಕಾಡಿರಬೇಕಾದ ಪ್ರಶ್ನೆಯೊಂದಿದೆ. ಅದು ನಮ್ಮ ಪ್ರಶ್ನೆಯೂ ಹೌದು. ನನ್ನ ಮನಸ್ಸು ಒಪ್ಪಿದವರನ್ನು ಆರಿಸಲೇ, ಅಥವಾ ನಾಳೆ ಎದುರಾಳಿಯನ್ನು ಸೋಲಿಸಬಲ್ಲವರನ್ನು ಆರಿಸಲೇ? ಒಲವು ಮುಖ್ಯವೋ, ಗೆಲುವು ಮುಖ್ಯವೋ? ಯಾವುದೇ ಊರಿನಲ್ಲಿ ಅಭ್ಯರ್ಥಿಯ ಮಾತು ಬಂದಾಗ ಒಬ್ಬರಾದರೂ ಹೇಳುವ ಮಾತು ನಮಗೆಲ್ಲ ಪರಿಚಿತ: ‘ಜನ ಒಳ್ಳೆಯವರೇ, ಆದರೆ ಗೆಲ್ಲಲಿಕ್ಕಿಲ್ಲ.’ ಅಲ್ಲಿಗೆ ಚರ್ಚೆ ಮುಗಿಯುತ್ತದೆ. ಗೆದ್ದೆತ್ತಿನ ಬಾಲ ಹಿಡಿಯುವುದನ್ನು ನಾವು ಹಾಸ್ಯ ಮಾಡುತ್ತೇವೆ; ಆದರೆ ಇಲ್ಲಿ ಎತ್ತು ಕಣಕ್ಕಿಳಿಯುವ ಮೊದಲೇ ಬಾಲ ಹಿಡಿಯುವ ಆತುರ.

‘ಗೆಲ್ಲಲಿಕ್ಕಿಲ್ಲ’ ಎಂಬುದು ಎಷ್ಟು ಗಟ್ಟಿಯಾದ ಜ್ಞಾನ? ಪೂಜಾರಿಯವರ ಉದಾಹರಣೆಯನ್ನೇ ನೋಡಿ. 1977ರಿಂದ 1989ರವರೆಗೆ ಸತತ ನಾಲ್ಕು ಬಾರಿ ಮಂಗಳೂರಿನಿಂದ ಲೋಕಸಭೆಗೆ ಹೋದವರು. ಕೇಂದ್ರದಲ್ಲಿ ಹಣಕಾಸು ಖಾತೆಯ ರಾಜ್ಯ ಸಚಿವರಾಗಿ ಸಾಲಮೇಳಗಳಿಂದ ದೇಶಕ್ಕೆಲ್ಲ ಪರಿಚಿತರಾದವರು. ನಿಷ್ಠುರ ಮಾತಿಗೆ ಹೆಸರಾದವರು. ಹಾಗೆ ನೋಡಿದರೆ ಅವರಿಗಿಂತ ‘ಗೆಲ್ಲುವ ಅಭ್ಯರ್ಥಿ’ ಇನ್ನಾರು? ಆದರೆ 1991ರಿಂದೀಚೆಗೆ ಇದೇ ಕ್ಷೇತ್ರ ಅವರನ್ನು ಒಮ್ಮೆಯೂ ಗೆಲ್ಲಿಸಿರಲಿಲ್ಲ. 2009ರಲ್ಲಿ ಸುಮಾರು 40 ಸಾವಿರ ಮತಗಳಿಂದ ಸೋತಿದ್ದರು. 2014ರಲ್ಲಿ ಅವರು ಎಪ್ಪತ್ತೇಳರ ಹೊಸ್ತಿಲಿನಲ್ಲಿದ್ದರು. ಹೀಗೆ ನೋಡಿದರೆ ಅವರಿಗಿಂತ ‘ಸೋಲುವ ಅಭ್ಯರ್ಥಿ’ ಇನ್ನಾರು? ಒಂದೇ ಬದುಕು ಎರಡೂ ತಕ್ಕಡಿಗೆ ತೂಕ ಕೊಡುತ್ತದೆ. ಯಾವ ತಕ್ಕಡಿ ಬಾಗಬೇಕೆಂಬುದನ್ನು ನೋಡುವವನ ಒಲವು ಮೊದಲೇ ತೀರ್ಮಾನಿಸಿರುತ್ತದೆ. ನಾವು ‘ಗೆಲುವಿನ ಲೆಕ್ಕ’ ಎಂದು ಕರೆಯುವುದು ಎಷ್ಟೋ ಸಲ ನಮ್ಮ ಇಷ್ಟಾನಿಷ್ಟಗಳೇ, ಲೆಕ್ಕದ ವೇಷ ತೊಟ್ಟು ಬಂದಿರುತ್ತವೆ.

ಅಂಕಿಗಳು ಇನ್ನೊಂದು ಪಾಠವನ್ನೂ ಹೇಳುತ್ತವೆ. 2009ರಲ್ಲಿ ಪೂಜಾರಿಯವರಿಗೆ ಬಿದ್ದ ಮತಗಳು 4.59 ಲಕ್ಷದಷ್ಟು, 2014ರಲ್ಲಿ 4.99 ಲಕ್ಷ. ಮತಗಳು ಹೆಚ್ಚಿದವು, ಆದರೂ ಸೋಲಿನ ಅಂತರ ಮೂರು ಪಟ್ಟು ಮೀರಿ ಬೆಳೆಯಿತು. ಎದುರು ಬೀಸಿದ ಗಾಳಿ ದೇಶದ್ದಾಗಿತ್ತು. 2019ರಲ್ಲಿ ಅದೇ ಪಕ್ಷ ಮಿಥುನ್ ರೈ ಎಂಬ ತರುಣರನ್ನು ನಿಲ್ಲಿಸಿತು. ಅವರಿಗೆ ಬಿದ್ದುದೂ 4.99 ಲಕ್ಷವೇ, ಅಂತರ ಮಾತ್ರ 2.74 ಲಕ್ಷಕ್ಕೇರಿತು. ಒಬ್ಬರು ಹಿರಿಯರು, ಇನ್ನೊಬ್ಬರು ಕಿರಿಯರು. ಒಬ್ಬರು ಪಕ್ಷದ ಒಳಮತದಿಂದ ಬಂದವರು, ಇನ್ನೊಬ್ಬರು ಮೇಲಿನಿಂದ ಬಂದವರು. ಪೆಟ್ಟಿಗೆಯೊಳಗಿನ ಫಲ ಹೆಚ್ಚುಕಡಿಮೆ ಒಂದೇ. 2024ರಲ್ಲಿ ಪದ್ಮರಾಜ್ ಆರ್. ಪೂಜಾರಿಯವರು 6.14 ಲಕ್ಷ ಮತ ಪಡೆದು ಅಂತರವನ್ನು 1.49 ಲಕ್ಷಕ್ಕೆ ಇಳಿಸಿದರು. ಅಭ್ಯರ್ಥಿ ಯಾರೆಂಬುದರಿಂದ ಏನೂ ಬದಲಾಗದು ಎಂದು ಹೇಳಲಾಗದು. ಆದರೆ ಅದರ ಪ್ರಭಾವ ಜಗಲಿಯ ಮೇಲೆ ಕುಳಿತು ಲೆಕ್ಕ ಹಾಕುವವರು ಭಾವಿಸುವಷ್ಟು ದೊಡ್ಡದಲ್ಲ; ಅವರು ಊಹಿಸುವಷ್ಟು ಸ್ಪಷ್ಟವೂ ಅಲ್ಲ.

ಒಳಚುನಾವಣೆಯನ್ನು ನೂರು ವರ್ಷಕ್ಕೂ ಮಿಗಿಲಾಗಿ ನಡೆಸಿಕೊಂಡು ಬಂದಿರುವ ಅಮೆರಿಕದ ಅನುಭವವೂ ಇದಕ್ಕಿಂತ ಭಿನ್ನವಲ್ಲ. 2004ರಲ್ಲಿ ಅಲ್ಲಿನ ಡೆಮಾಕ್ರಟಿಕ್ ಪಕ್ಷದ ಅನೇಕರು ಜಾನ್ ಕೆರಿಯವರನ್ನು ಆರಿಸಿದ್ದು ಅವರ ಮೇಲಿನ ಪ್ರೀತಿಯಿಂದಲ್ಲ. ವಿಯೆಟ್ನಾಂ ಯುದ್ಧದಲ್ಲಿ ಹೋರಾಡಿದ ಅವರು ಬುಷ್ ಅವರನ್ನು ಸೋಲಿಸಬಲ್ಲರೆಂಬ ಲೆಕ್ಕದಿಂದ. ಲೆಕ್ಕ ತಪ್ಪಿತು. 2008ರಲ್ಲಿ ಬರಾಕ್ ಒಬಾಮ ಅವರನ್ನು ಮೆಚ್ಚಿದವರಲ್ಲಿಯೂ ಅನೇಕರು, ಕಪ್ಪು ಜನಾಂಗದವರೊಬ್ಬರನ್ನು ಈ ದೇಶ ಅಧ್ಯಕ್ಷರನ್ನಾಗಿ ಆರಿಸೀತೇ ಎಂದು ಅಳುಕಿದ್ದರು. ದೇಶ ಆರಿಸಿತು. 2020ರಲ್ಲಿ ಜೋ ಬೈಡನ್ ಅವರೇ ಟ್ರಂಪ್ ಅವರನ್ನು ಸೋಲಿಸಬಲ್ಲರೆಂದು ಪಕ್ಷ ನಂಬಿತು; ಆ ಸಲ ಲೆಕ್ಕ ಸರಿಯಾಯಿತು. ಗೆಲುವಿನ ಊಹೆ ಒಮ್ಮೆ ಹೌದು, ಒಮ್ಮೆ ಅಲ್ಲ. ಅದನ್ನು ಕೇಳಬೇಕು, ಆದರೆ ಅದಕ್ಕೇ ಕೊನೆಯ ಮಾತಿನ ಅಧಿಕಾರ ಕೊಡಬಾರದು.

ಈಗ ಮಲೆನಾಡಿನ ಜನರಾದ ನಮ್ಮ ವಿಷಯಕ್ಕೆ ಬರೋಣ. ಗೆಲುವಿನ ಲೆಕ್ಕ ಎಂಬುದು ಮೂಲತಃ ತಲೆಗಳ ಲೆಕ್ಕ. ಘಟ್ಟದ ತಪ್ಪಲಿನಲ್ಲಿ ತಲೆಗಳು ಕಡಿಮೆ. ಮರ, ಹಳ್ಳ, ಕಣಿವೆಗಳು ಹೆಚ್ಚು. ಅವುಗಳಿಗೆ ಮತವಿಲ್ಲ. ಹೀಗಾಗಿ ಕಾಡಿನ, ನದಿಯ ಪರವಾಗಿ ಮಾತಾಡುವ ಅಭ್ಯರ್ಥಿ ಈ ಲೆಕ್ಕದಲ್ಲಿ ಎಂದೆಂದಿಗೂ ‘ಗೆಲ್ಲಲಿಕ್ಕಿಲ್ಲ’ದವನೇ. ಗೆಲುವೊಂದನ್ನೇ ಅಳತೆಗೋಲಾಗಿಸಿಕೊಂಡರೆ ನಮ್ಮ ಪ್ರಶ್ನೆ ಸೋಲುವುದಲ್ಲ, ಅದು ಸ್ಪರ್ಧೆಗೇ ಬರುವುದಿಲ್ಲ.

ಎತ್ತಿನಹೊಳೆಯ ಕತೆ ಇದಕ್ಕೆ ಸಾಕ್ಷಿ. ಸಕಲೇಶಪುರದ ಕಾಡಿನ ಹಳ್ಳಗಳ ನೀರು ಕುಮಾರಧಾರೆಯ ಮೂಲಕ ನೇತ್ರಾವತಿಯನ್ನು ಸೇರಿ ಮಂಗಳೂರಿಗೆ ಹರಿಯುತ್ತದೆ. ಅದರಲ್ಲಿ 24 ಟಿಎಂಸಿಯನ್ನು ಪೂರ್ವಕ್ಕೆ, ಕೋಲಾರ ಮತ್ತು ಚಿಕ್ಕಬಳ್ಳಾಪುರದ ಕಡೆಗೆ, ಒಯ್ಯುವ ಯೋಜನೆಗೆ 2012ರಲ್ಲಿ ಬಿಜೆಪಿ ಆಡಳಿತದ ಕಾಲದಲ್ಲಿ ಅನುಮೋದನೆ ದೊರೆಯಿತು. 2014ರ ಮಾರ್ಚ್ ಮೊದಲ ವಾರದಲ್ಲಿ, ಮಂಗಳೂರಿನ ಒಳಚುನಾವಣೆಗೆ ಕೆಲವೇ ದಿನಗಳ ಮುನ್ನ, ಕಾಂಗ್ರೆಸ್ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ಮಾಡಿದರು. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತಕ್ಕೆ ಚಾಲನೆ ಕೊಟ್ಟವರೂ ಅವರೇ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಅದನ್ನು ಅಲ್ಲಗಳೆಯುವ ಅಹಂಕಾರ ನಮಗೆ ಬೇಡ. ಆದರೆ ಇಲ್ಲಿ ಗಮನಿಸಬೇಕಾದ್ದು ಬೇರೆ. ಎರಡು ಪಕ್ಷಗಳ ಸರ್ಕಾರಗಳೂ ಒಂದೇ ದಾರಿ ಹಿಡಿದಾಗ, ಏಪ್ರಿಲ್ ತಿಂಗಳಿನಲ್ಲಿ ಯಂತ್ರದ ಯಾವ ಗುಂಡಿ ಒತ್ತಿದ್ದರೆ ನದಿಯ ಪ್ರಶ್ನೆಗೆ ಉತ್ತರ ಸಿಗುತ್ತಿತ್ತು? ಆ ಪ್ರಶ್ನೆ ಒಳಬರಬಹುದಾಗಿದ್ದ ಬಾಗಿಲು ಒಂದೇ: ಅಭ್ಯರ್ಥಿಯನ್ನು ಆರಿಸುವ ಘಟ್ಟ. ಆ ಬಾಗಿಲಲ್ಲಿ ‘ಗೆಲ್ಲುವವರು ಯಾರು’ ಎಂಬ ಒಂದೇ ಪ್ರಶ್ನೆಯನ್ನು ನಿಲ್ಲಿಸಿದರೆ, ಬೇರೆ ಯಾವ ಪ್ರಶ್ನೆಯೂ ಒಳಗೆ ಬರಲಾರದು.

ಇದೇ ಯೋಜನೆಯ ಪ್ರಬಲ ಪ್ರತಿಪಾದಕರಾದ ವೀರಪ್ಪ ಮೊಯಿಲಿಯವರು 2004ರಲ್ಲಿ ಮಂಗಳೂರಿನಿಂದ ಸ್ಪರ್ಧಿಸಿ ಸೋತವರು; 2009ರಲ್ಲಿ, 2014ರಲ್ಲಿ ಚಿಕ್ಕಬಳ್ಳಾಪುರದಿಂದ ಗೆದ್ದವರು. ಗೆಲ್ಲಿಸಿದ ಜನರ ನೀರಿಗಾಗಿ ಅವರು ದುಡಿದರು. ಪ್ರತಿನಿಧಿ ಹಾಗೆಯೇ ಇರಬೇಕಲ್ಲವೇ? ನದಿ ಹುಟ್ಟುವ ಕಡೆಯವರು ಮಾತ್ರ ತಮ್ಮ ಪ್ರತಿನಿಧಿಯ ಮುಂದೆ ಅಂಥ ಷರತ್ತನ್ನು ಇಟ್ಟೇ ಇರಲಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ನೋಡದಿದ್ದರೆ ಅಪ್ರಾಮಾಣಿಕತೆಯಾದೀತು. 1989ರಲ್ಲಿ ಡಾ. ಶಿವರಾಮ ಕಾರಂತರು, ಎಂಬತ್ತೇಳರ ಹರೆಯದಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು. ಜ್ಞಾನಪೀಠ ಪಡೆದ ಲೇಖಕ. ಪುತ್ತೂರಿನಲ್ಲಿ ಬಾಲವನ ಕಟ್ಟಿ ಕಡಲತೀರದ ಮಕ್ಕಳನ್ನು ಬೆಳೆಸಿದವರು. ಅವರು ಸೋತರು, ದೇವರಾಯ ನಾಯ್ಕರು ಗೆದ್ದರು. ಕೈಗಾ ನಿಲ್ಲಲಿಲ್ಲ. 1994ರಲ್ಲಿ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಭಾಗ ಕುಸಿದು ಬಿದ್ದಾಗ ಕಾರಂತರ ಪ್ರಶ್ನೆಗಳು ಜನರಿಗೆ ನೆನಪಾಗಿರಬಹುದು. ಆದರೆ 2000ದ ಹೊತ್ತಿಗೆ ಅಲ್ಲಿಂದ ವಿದ್ಯುತ್ತು ಹರಿಯತೊಡಗಿತ್ತು. ಮನಸ್ಸು ಒಪ್ಪಿದವರಿಗೆ ಮತ ಹಾಕಿದ ತೃಪ್ತಿ ಕಾಳಿ ಕಣಿವೆಯಲ್ಲಿ ಏನನ್ನೂ ತಡೆಯಲಿಲ್ಲ ಎಂಬ ಆಕ್ಷೇಪಕ್ಕೆ ಸುಲಭದ ಉತ್ತರವಿಲ್ಲ. ನಮ್ಮ ಕೈ ಶುದ್ಧವಾಗಿರಲೆಂಬ ಆಸೆಯೂ ಒಂದು ಬಗೆಯ ಸ್ವಾರ್ಥವೇ. ನಮ್ಮ ಶುದ್ಧಿಯ ಬೆಲೆಯನ್ನು ಮುಳುಗಡೆಯವರು, ಒಕ್ಕಲೆಬ್ಬಿಸಲ್ಪಟ್ಟವರು ತೆರಬೇಕಾಗಿ ಬಂದರೆ ಅದು ನ್ಯಾಯವಲ್ಲ.

ಹಾಗಾದರೆ ದಾರಿ ಯಾವುದು? ನಮ್ಮ ತೋಟದ ಕೆಲಸವೇ ದಾರಿ ತೋರಿಸುತ್ತದೆ. ಬೀಜಕ್ಕೆ ಅಡಿಕೆ ಆರಿಸುವಾಗ ನಾವು ತಾಯಿಮರವನ್ನು ನೋಡುತ್ತೇವೆ: ವಯಸ್ಸು, ಇಳುವರಿ, ರೋಗಕ್ಕೆ ತಡೆ. ಆಗ ಪೇಟೆಯ ಅಂದಿನ ಧಾರಣೆಯನ್ನು ಯಾರೂ ಕೇಳುವುದಿಲ್ಲ. ಮಾರುವ ದಿನ ಬಂದಾಗ ಮಾತ್ರ ಧಾರಣೆಗೆ ತಲೆಬಾಗುತ್ತೇವೆ. ಎರಡು ಹೊತ್ತಿಗೆ ಎರಡು ವಿವೇಕ. ಅಭ್ಯರ್ಥಿಯನ್ನು ಆರಿಸುವುದು ಬೀಜ ಆರಿಸುವ ಹೊತ್ತು; ಅಂತಿಮ ಮತದಾನ ಮಾರುವ ಹೊತ್ತು. ಅಂತಿಮ ದಿನ ಇರುವ ಇಬ್ಬರಲ್ಲಿ ಕಡಿಮೆ ಕೇಡಿನವರನ್ನು ಗೆಲ್ಲಿಸುವುದು ತಪ್ಪಲ್ಲ. ಆದರೆ ಬೀಜದ ದಿನವೇ ಧಾರಣೆಯ ಮಾತಾಡಿದರೆ ತೋಟ ಉಳಿಯದು.

ಆದುದರಿಂದ ಆಯ್ಕೆಯ ಹಂತದಲ್ಲಿ ಮೊದಲು ಒಂದು ಹೊಸ್ತಿಲನ್ನು ಕಟ್ಟಿಕೊಳ್ಳೋಣ. ಇದಕ್ಕಿಂತ ಕೆಳಗಿನವರು ಎಷ್ಟೇ ಗೆಲ್ಲುವವರಾದರೂ ನಮಗೆ ಬೇಡ ಎನ್ನುವ ಎರಡು ಮೂರು ಮಾತುಗಳು ಸಾಕು: ಗ್ರಾಮಸಭೆಯ ಮುಂದೆ ಉತ್ತರ ಹೇಳಲು ಬರುವರೇ, ಕಾಡು ಮತ್ತು ನೀರಿನ ವಿಷಯದಲ್ಲಿ ಇದುವರೆಗೆ ಏನು ಮಾಡಿದ್ದಾರೆ, ಪಕ್ಷ ಬೇರೆ ಹೇಳಿದಾಗ ಊರಿನ ಮಾತನ್ನು ಬಾಯಿಬಿಟ್ಟು ಆಡಬಲ್ಲರೇ. ಹೊಸ್ತಿಲು ದಾಟಿದವರು ಒಬ್ಬರಿಗಿಂತ ಹೆಚ್ಚಿದ್ದರೆ, ಆಗ ಅವರಲ್ಲಿ ಗೆಲ್ಲಬಲ್ಲವರನ್ನು ಆರಿಸೋಣ. ‘ಗೆಲ್ಲಲಿಕ್ಕಿಲ್ಲ’ ಎಂದು ಯಾರಾದರೂ ಹೇಳಿದರೆ ಆಧಾರ ಕೇಳೋಣ: ಯಾರು ಮತ ಹಾಕುವುದಿಲ್ಲ, ಏಕೆ, ಅವರನ್ನು ಹೋಗಿ ಕೇಳಿದವರು ಯಾರು? ಹೆಂಗಸು ಎಂಬುದಕ್ಕೆ, ಸಣ್ಣ ಜಾತಿಯವರು ಎಂಬುದಕ್ಕೆ, ದುಡ್ಡಿಲ್ಲ ಎಂಬುದಕ್ಕೆ ‘ಗೆಲ್ಲಲಿಕ್ಕಿಲ್ಲ’ ಎಂದರೆ, ಆ ಮಾತು ಊರಿನ ಪೂರ್ವಗ್ರಹವನ್ನು ವರದಿ ಮಾಡುತ್ತಿಲ್ಲ, ಅದನ್ನು ಪೋಷಿಸುತ್ತಿದೆ.

ಗೆಲುವು ಎಂದರೆ ಸ್ಥಾನ ಮಾತ್ರವೇ ಎಂಬುದನ್ನೂ ಯೋಚಿಸೋಣ. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಕುದುರೆಮುಖದಲ್ಲಿ ಗಣಿಗಾರಿಕೆ ನಿಂತದ್ದು 2005ರ ಕೊನೆಯಲ್ಲಿ. ನಿಲ್ಲಿಸಿದ್ದು ಸರ್ವೋಚ್ಚ ನ್ಯಾಯಾಲಯದ ಆದೇಶ. ಅದು ಯಾವ ಸಂಸದನ ಗೆಲುವಿನ ಫಲವೂ ಆಗಿರಲಿಲ್ಲ. ಕುರ್ಚಿಯಿಂದಲೇ ಎಲ್ಲವೂ ಆಗುತ್ತದೆಂಬ ನಂಬಿಕೆಯೇ ನಮ್ಮನ್ನು ಗೆಲ್ಲುವ ಎತ್ತಿನ ಹಿಂದೆ ಓಡಿಸುತ್ತದೆ.

ಮಂಗಳೂರಿನ ಒಳಚುನಾವಣೆಯಲ್ಲಿ ನಮಗೆ ಮತವಿರಲಿಲ್ಲ. ಬೆಳ್ತಂಗಡಿಯ, ಸುಳ್ಯದ ಕೃಷಿಕನನ್ನು ಯಾವ ಪಕ್ಷವೂ ಅಂಥ ಕೋಣೆಗೆ ಕರೆಯದು. ಆದರೆ ಗ್ರಾಮ ಪಂಚಾಯಿತಿಯ ಚುನಾವಣೆ ಕಾನೂನಿನಂತೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುವಂಥದು. ಅಲ್ಲಿ ಅಭ್ಯರ್ಥಿಯನ್ನು ಆರಿಸುವ ಕೋಣೆ ನಮ್ಮ ಮನೆಯ ಜಗಲಿ, ಹಾಲಿನ ಸೊಸೈಟಿಯ ಕಟ್ಟೆ, ಭಜನಾ ಮಂದಿರದ ಅಂಗಳ. ಅಲ್ಲಿ ನಾಲ್ಕು ಜನ ರಾತ್ರಿ ಕುಳಿತು ಮುಗಿಸುವ ಮಾತನ್ನು ಹಗಲಿನಲ್ಲಿ ನಲವತ್ತು ಜನ ಕುಳಿತು ಆಡುವಂತಾದರೆ ಅದೇ ನಿಜವಾದ ಒಳಚುನಾವಣೆ.

ವಿದ್ಯಾರ್ಥಿ ಮಿತ್ರರೇ, ರಜೆಯಲ್ಲಿ ಊರಿಗೆ ಬಂದಾಗ ಆ ಜಗಲಿಯ ಅಂಚಿನಲ್ಲಿ ನೀವೂ ಕುಳಿತುಕೊಳ್ಳಿ. ಹಿರಿಯರೊಬ್ಬರು ‘ಗೆಲ್ಲಲಿಕ್ಕಿಲ್ಲ ಮಾರಾಯ’ ಎಂದಾಗ ವಿನಯದಿಂದಲೇ ಕೇಳಿ: ‘ಗೆದ್ದರೆ ಏನು ಮಾಡಿಯಾರು?’ ಎರಡನೆಯ ಪ್ರಶ್ನೆಯನ್ನು ಮೊದಲು ಕೇಳುವ ಅಭ್ಯಾಸ ನಮ್ಮ ಊರುಗಳಲ್ಲಿ ಬೇರೂರಲಿ. ಮೊದಲನೆಯ ಪ್ರಶ್ನೆಗೆ ಉತ್ತರ ಹುಡುಕುವುದು ಆಮೇಲೆ ಅಷ್ಟು ಕಷ್ಟವಾಗದು.