ಮಕ್ಕಳೊಡನೆ ವಸ್ತುಸಂಗ್ರಹಾಲಯಕ್ಕೆ

ಶಾಲಾ ಪ್ರವಾಸದ ಕಾಲ ಬಂತೆಂದರೆ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ದೂರದ ಜಿಲ್ಲೆಗಳ ಬಸ್ಸುಗಳು ಸಾಲುಗಟ್ಟಿ ನಿಲ್ಲುತ್ತವೆ. ಉಪಾಧ್ಯಾಯರು ಮುಂದೆ, ಇಬ್ಬಿಬ್ಬರಾಗಿ ಕೈಹಿಡಿದ ಮಕ್ಕಳು ಹಿಂದೆ. ಒಳಹೊಕ್ಕ ಸಾಲು ಗಂಟೆ ಒಂದೂವರೆಯೊಳಗಾಗಿ ಎಲ್ಲ ಅಂತಸ್ತುಗಳನ್ನೂ ಸುತ್ತಿ ಹೊರಬರುತ್ತದೆ. ಏಕೆಂದರೆ ಆ ದಿನವೇ ಲಾಲ್‌ಬಾಗು, ವಿಧಾನಸೌಧಗಳೂ ಆಗಬೇಕು. ಸಂಜೆ ಆ ಮಕ್ಕಳನ್ನು ಏನು ಕಂಡಿರೆಂದು ಕೇಳಿದರೆ, ಮಧ್ಯಾಹ್ನ ಮರದ ನೆರಳಿನಲ್ಲಿ ಉಂಡ ಚಿತ್ರಾನ್ನದ ವಿಷಯವನ್ನೇ ಹೆಚ್ಚು ವಿವರವಾಗಿ ಹೇಳುತ್ತಾರೆ. ಇದರಲ್ಲಿ ಮಕ್ಕಳ ತಪ್ಪು ಎಳ್ಳಷ್ಟೂ ಇಲ್ಲ.

ವಸ್ತುಸಂಗ್ರಹಾಲಯವನ್ನು ನಾವು ಇನ್ನೂ ದೇವರ ದರ್ಶನದಂತೆ ಭಾವಿಸಿದ್ದೇವೆ: ಸರತಿಯಲ್ಲಿ ಬಂದು, ಕ್ಷಣಕಾಲ ನಿಂತು, ಕೈಮುಗಿದು ಮುಂದೆ ಸಾಗುವುದು. ಆದರೆ ವಿಜ್ಞಾನದ ವಸ್ತುಸಂಗ್ರಹಾಲಯವನ್ನು ಕಟ್ಟಿದವರ ಉದ್ದೇಶ ಇದಾಗಿರಲಿಲ್ಲ. ಜರ್ಮನಿಯ ವಿದ್ಯುತ್ ಎಂಜಿನಿಯರ್ ಓಸ್ಕರ್ ಫಾನ್ ಮಿಲ್ಲರ್ 1903ರಲ್ಲಿ ಮ್ಯೂನಿಕ್ ನಗರದಲ್ಲಿ ಡಾಯ್ಚಸ್ ಮ್ಯೂಸಿಯಂ ಎಂಬ ಸಂಸ್ಥೆಯನ್ನು ಸ್ಥಾಪಿಸಿದಾಗ, ಗಾಜಿನ ಪೆಟ್ಟಿಗೆಯೊಳಗಿನ ಯಂತ್ರವು ಸತ್ತ ಯಂತ್ರವೆಂದು ಬಗೆದು, ನೋಡಲು ಬಂದವರೇ ನಡೆಸಿ ನೋಡಬಹುದಾದ ಯಂತ್ರಗಳನ್ನಿರಿಸಲು ಮನಸ್ಸು ಮಾಡಿದನು. 1925ರಲ್ಲಿ ಅದರ ದೊಡ್ಡ ಕಟ್ಟಡವು ಈಸಾರ್ ನದಿಯ ದ್ವೀಪದಲ್ಲಿ ತೆರೆಯಿತು. 1969ರಲ್ಲಿ ಭೌತವಿಜ್ಞಾನಿ ಫ್ರಾಂಕ್ ಓಪನ್‌ಹೈಮರ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭಿಸಿದ ಎಕ್ಸ್‌ಪ್ಲೊರೇಟೋರಿಯಂ ಈ ವಿಚಾರವನ್ನು ಇನ್ನೂ ಮುಂದಕ್ಕೆ ಒಯ್ದಿತು. ಇವೆರಡರ ನಡುವಿನ ಕಾಲದಲ್ಲಿ, 1965ರಲ್ಲಿ, ನಮ್ಮ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯವು ಬಾಗಿಲು ತೆರೆಯಿತು. ಮುಟ್ಟಿ ಕಲಿಯುವ ಈ ಸಂಪ್ರದಾಯಕ್ಕೆ ಕನ್ನಡ ನಾಡು ಹೊಸದೇನೂ ಅಲ್ಲ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ, ಎಂಟು ವರ್ಷದ ನಮ್ಮ ಅಕ್ಕನ ಮಗಳನ್ನು ಇಂತಹದೊಂದು ಆಲಯಕ್ಕೆ ಕರೆದೊಯ್ದಿದ್ದೆವು. ಅಲ್ಲೊಂದು ತಿರುಗುವ ಪೀಠವಿತ್ತು. ಅದರ ಮೇಲೆ ಕುಳಿತು, ಎರಡು ಕೈಗಳಲ್ಲೂ ಭಾರದ ಗುಂಡುಗಳನ್ನು ಹಿಡಿದು, ತೋಳುಗಳನ್ನು ಚಾಚಿಕೊಂಡು ಒಮ್ಮೆ ತಿರುಗಿಸಿಕೊಳ್ಳಬೇಕು. ಬಳಿಕ ತೋಳುಗಳನ್ನು ಎದೆಗೆ ಎಳೆದುಕೊಂಡರೆ ಪೀಠವು ಒಮ್ಮೆಗೇ ವೇಗವಾಗಿ ತಿರುಗುತ್ತದೆ. ಹುಡುಗಿ ಒಂದು ಸುತ್ತು ಮುಗಿಸುವುದರೊಳಗೆ ನಾವು ಕೋನೀಯ ಸಂವೇಗದ ಸ್ಥಾಯಿತ್ವವನ್ನು ವಿವರಿಸಲು ತೊಡಗಿದೆವು. ಅಧ್ಯಾಪಕರ ಚಾಳಿ, ಬಿಡುವುದು ಕಷ್ಟ. ಅವಳು ನಡುವೆಯೇ, "ಮಾಮಾ, ಕೈ ಒಳಗೆ ತರೋವಾಗ ಯಾರೋ ಆಚೆಗೆ ಎಳೀತಾರೆ!" ಎಂದು ಕೂಗಿದಳು. ನಾವು "ಹೌದಮ್ಮ, ಇನ್ನೂ ಮೂರು ಕೋಣೆ ನೋಡುವುದಿದೆ, ಇಳಿ" ಎಂದು ಕೈಹಿಡಿದು ಇಳಿಸಿದೆವು.

ಅವಳ ಮಾತಿನ ಬೆಲೆ ನಮಗೆ ತಿಳಿದದ್ದು ಅನಂತರ, ತರಗತಿಯಲ್ಲಿ. ಜಡತ್ವದ ಮಹತ್ವ ಅರ್ಧಕ್ಕೆ ಇಳಿದರೆ ತಿರುಗುವ ವೇಗ ಎರಡರಷ್ಟಾಗುತ್ತದೆ. ಆಗ ಚಲನಶಕ್ತಿಯೂ ಎರಡರಷ್ಟಾಗುತ್ತದೆ. ಈ ಹೆಚ್ಚಿನ ಶಕ್ತಿ ಎಲ್ಲಿಂದ ಬಂದಿತು? ಪದವಿ ತರಗತಿಯ ವಿದ್ಯಾರ್ಥಿಗಳನ್ನು ಹೀಗೆ ಕೇಳಿದಾಗ ಸೂತ್ರವನ್ನು ತಪ್ಪಿಲ್ಲದೆ ಬರೆದವರು ಅನೇಕರು; ಉತ್ತರ ಹೇಳಿದವರು ಒಬ್ಬರೂ ಇಲ್ಲ. ಉತ್ತರವು ಆ ಹುಡುಗಿಯ ತೋಳುಗಳಲ್ಲಿತ್ತು. ಹೊರಕ್ಕೆ ಸೆಳೆಯುವಂತೆ ತೋರುವ ಗುಂಡುಗಳನ್ನು ಒಳಕ್ಕೆ ತರಲು ಸ್ನಾಯುಗಳು ಮಾಡಿದ ಕೆಲಸವೇ ಆ ಶಕ್ತಿ. ಅವಳು ಅದನ್ನು ಮೈಯಿಂದ ಅರಿತು, ಬಾಯಿಬಿಟ್ಟು ಹೇಳಿಯೂ ಇದ್ದಳು. ಭೌತಶಾಸ್ತ್ರದ ಅಧ್ಯಾಪಕರಾದ ನಾವು ಕೇಳಿಸಿಕೊಳ್ಳಲಿಲ್ಲ.

ಆದುದರಿಂದ ಗುಂಡಿ ಒತ್ತುವ ಪ್ರದರ್ಶನಗಳಲ್ಲಿ ನಮಗೆ ಅಷ್ಟಾಗಿ ನಂಬಿಕೆಯಿಲ್ಲ. ಮಗು ಒತ್ತುತ್ತದೆ, ದೀಪ ಹೊತ್ತಿಕೊಳ್ಳುತ್ತದೆ, ಮಗು ಓಡುತ್ತದೆ. ಸನ್ನೆ, ರಾಟೆ, ಕೈಯಿಂದ ತಿರುಗಿಸುವ ಡೈನಮೋಗಳ ಮಾತು ಬೇರೆ. ಡೈನಮೋಗೆ ಬಲ್ಬನ್ನು ಜೋಡಿಸಿದೊಡನೆ ಹಿಡಿಕೆ ಬಿಗಿಯಾಗುವುದನ್ನು ಕೈಯಿಂದ ಕಂಡ ಮಗುವಿಗೆ ವಿದ್ಯುತ್ತು ಪುಕ್ಕಟೆಯಾಗಿ ಬರುವುದಿಲ್ಲವೆಂಬುದನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ. ಇನ್ನು ಕೆಲವಕ್ಕೆ ತಾಳ್ಮೆಯೇ ಟಿಕೆಟ್ಟು. 1851ರಲ್ಲಿ ಫೂಕೋ ಪ್ಯಾರಿಸ್ಸಿನಲ್ಲಿ ತೂಗುಹಾಕಿದ ಲೋಲಕದ ಆಂದೋಲನತಲವು ಗಂಟೆಗೆ ಸುಮಾರು 11 ಡಿಗ್ರಿ ತಿರುಗುತ್ತಿತ್ತು. ಐದು ನಿಮಿಷ ನಿಂತವನಿಗೆ ಅದು ಒಂದು ಡಿಗ್ರಿಯಷ್ಟೂ ಸರಿಯದು. 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ ತೂಗುಹಾಕಿದರೆ ಗಂಟೆಗೆ ಮೂರೂವರೆ ಡಿಗ್ರಿಗಿಂತ ತುಸು ಕಡಿಮೆ. ಓಡುತ್ತ ನೋಡುವವನಿಗೆ ಭೂಮಿ ನಿಂತೇ ಇರುತ್ತದೆ.

ಕೇವಲ ವಿಜ್ಞಾನದ ಆಲಯಕ್ಕೇ ಹೋಗಬೇಕೆಂದಿಲ್ಲ. ಅದೇ ರಸ್ತೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರಿನ ಶಿಲೆಯ ಕಥೆಯನ್ನು ಯಾವ ಮಗುವಿಗಾದರೂ ಹೇಳಿ ನೋಡಿರಿ. ಹತ್ತನೆಯ ಶತಮಾನದ ನಡುವೆ ಮಣಲೇರನೆಂಬ ವೀರನು ಅರಸನಿಂದ ಬಹುಮಾನವಾಗಿ ಕಾಳಿಯೆಂಬ ಬೇಟೆನಾಯಿಯನ್ನೇ ಬೇಡಿ ಪಡೆದನು, ಆ ನಾಯಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು, ನಾಯಿಯ ನೆನಪಿಗೆ ಕಲ್ಲು ನೆಟ್ಟರು. ಆ ಕಲ್ಲಿನಲ್ಲಿ ನಾಯಿಯೂ ಹಂದಿಯೂ ಸೆಣಸುತ್ತಲೇ ಇವೆ. ರಾಜವಂಶಗಳ ಪಟ್ಟಿಯನ್ನು ಬಾಯಿಪಾಠ ಮಾಡಲಾರದ ಮಗುವೂ ಕಾಳಿಯನ್ನು ಮರೆಯದು. ವಿಮಾನಗಳ ಹುಚ್ಚುಳ್ಳ ಹುಡುಗರಿಗೆ 2001ರಲ್ಲಿ ಆರಂಭವಾದ ಎಚ್.ಎ.ಎಲ್. ವಸ್ತುಸಂಗ್ರಹಾಲಯವಿದೆ, 1961ರಲ್ಲಿ ಮೊದಲು ಹಾರಿದ ಮಾರುತ್ ವಿಮಾನವನ್ನು ಅಲ್ಲಿ ಸುತ್ತಲೂ ನಡೆದು ನೋಡಬಹುದು.

ಒಂದೇ ಕೋಣೆಯಲ್ಲಿ ದಿನ ಕಳೆದರೆ ಊರಿನಿಂದ ಅಷ್ಟು ದೂರ ಬಂದುದಕ್ಕೆ ಏನು ಸಾರ್ಥಕವೆಂದು ಕೆಲವರು ಕೇಳುವರು. ಚಿತ್ರದುರ್ಗದಿಂದಲೋ ಬೀದರಿನಿಂದಲೋ ಬಂದ ಮಗುವಿಗೆ ಮತ್ತೊಮ್ಮೆ ಬರುವ ಅವಕಾಶ ಸುಲಭವಲ್ಲವೆಂಬುದು ನಿಜ; ಈ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೂ ಮತ್ತೆ ಬರಲಾರದ ಮಗುವಿಗೇ ಒಂದು ವಸ್ತುವನ್ನು ಚೆನ್ನಾಗಿ ನೋಡುವ ಬಿಡುವು ಹೆಚ್ಚು ಅವಶ್ಯವೆಂಬುದು ನಮ್ಮ ಅಭಿಪ್ರಾಯ. ಇದನ್ನೋದುವ ವಿದ್ಯಾರ್ಥಿಗಳಿಗೆ ಮನೆಯಲ್ಲಿ ತಮ್ಮನೋ ತಂಗಿಯೋ ಇದ್ದೇ ಇರುವರು. ರಜೆಯಲ್ಲಿ ಒಬ್ಬರನ್ನು ಕರೆದುಕೊಂಡು ಹೋಗಿರಿ. ಇಬ್ಬರಾದರೂ ಸರಿ, ಹತ್ತು ಜನ ಬೇಡ. ಯಾವ ಕೋಣೆಯೆಂಬುದನ್ನು ಅವರೇ ಆರಿಸಲಿ. ನಿಮಗೆ ಗೊತ್ತಿರುವ ಸೂತ್ರವನ್ನು ಅವರು ಕೇಳುವವರೆಗೂ ಹೇಳಬೇಡಿರಿ. ಹಸಿವಾದಾಗ ಮಾತ್ರ ತಡಮಾಡದೆ ಹೊರಗೆ ಕರೆತನ್ನಿರಿ.

ಕಳೆದ ಬೇಸಗೆಯಲ್ಲಿ ಅಕ್ಕನ ಮಗಳೊಡನೆ ಅದೇ ಆಲಯಕ್ಕೆ ಮತ್ತೆ ಹೋಗಿದ್ದೆವು. ತಿರುಗುವ ಪೀಠಕ್ಕೆ ಹಗ್ಗ ಕಟ್ಟಿ 'ದುರಸ್ತಿಯಲ್ಲಿದೆ' ಎಂಬ ಹಲಗೆ ತೂಗುಬಿಟ್ಟಿದ್ದರು. ಮನೆಗೆ ಬಂದವಳೇ ನಮ್ಮ ಬರೆಯುವ ಮೇಜಿನ ತಿರುಗುವ ಕುರ್ಚಿಯನ್ನು ನಡುಮನೆಗೆ ಎಳೆದು, ಒಂದೊಂದು ಕೈಯಲ್ಲಿ ಒಂದೊಂದು ನಿಘಂಟು ಹಿಡಿದು ಕುಳಿತಳು. ಈ ಸಲ ನಾವು ತಳ್ಳಿಕೊಟ್ಟು ಸುಮ್ಮನೆ ನಿಂತೆವು.